ಸೀಟಿನ ಚಿತ್ರವೋ, ಪಟ್ಟಿಯೋ? ಟಚ್ ಫೋನಿನ ಆ್ಯಪ್ ಎಲ್ಲರ ಕೈಗೂ ಒಗ್ಗಬೇಕಾದರೆ ಯಾವುದನ್ನು ಆರಿಸಬೇಕು

ನಾವು ಮೂರು ಜನ ಸೇರಿ ಒಬ್ಬ ಖಾಸಗಿ ಬಸ್ ಮಾಲೀಕರಿಗೆ ಟಿಕೆಟ್ ಆ್ಯಪ್ ಮಾಡಿಕೊಟ್ಟಿದ್ದೆವು. ಮಲೆನಾಡಿನಿಂದ ಬೆಂಗಳೂರಿಗೆ ರಾತ್ರಿ ಓಡುವ ಸ್ಲೀಪರ್ ಬಸ್ಸುಗಳು. ಆ್ಯಪ್ ನೋಡೋಕೆ ಚೆನ್ನಾಗಿಯೇ ಇತ್ತು. ಮಾಲೀಕರೂ ಖುಷಿಯಾಗಿದ್ದರು. ಆಮೇಲೆ ಒಂದು ದಿನ ಕಣ್ಣು ಕಾಣದ ಗೆಳೆಯನೊಬ್ಬನ ಫೋನಿಗೆ ಅದನ್ನು ಹಾಕಿಕೊಟ್ಟೆ. ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೆ ಎರಡು ಸಲ ಊರಿಗೆ ಹೋಗುವವನು. ಟಾಕ್‌ಬ್ಯಾಕ್ ಆನ್ ಇತ್ತು, ಅಂದರೆ ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಆಂಡ್ರಾಯ್ಡ್‌ನ ಸ್ಕ್ರೀನ್ ರೀಡರ್. ಸೀಟು ಆರಿಸುವ ಪರದೆಗೆ ಬಂದ. ಬೆರಳನ್ನು ಬಲಕ್ಕೆ ಒಮ್ಮೆ ಸವರಿದ. ಲೇಬಲ್ ಇಲ್ಲದ ಬಟನ್ ಎಂದಿತು ಫೋನು. ಇನ್ನೊಮ್ಮೆ ಸವರಿದ, ಅದೇ ಮಾತು. 36 ಬರ್ತಿಗೂ ಅದೇ ಮಾತು.

"ಇದರಲ್ಲಿ ಕಿಟಕಿ ಯಾವುದೋ ಮಾರಾಯ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಒಂದು ಪರದೆ ಸರಿ ಮಾಡಲು ಹೊರಟ ಮೇಲೆ ಒಂದೊಂದೇ ತೀರ್ಮಾನವನ್ನು ಮತ್ತೆ ಕೆದಕಬೇಕಾಯಿತು. ಟಿಕೆಟ್ ಆ್ಯಪ್ ಅಂತಲ್ಲ, ಫೋನಿಗೆ ಏನೇ ಮಾಡುವವರಿಗೂ ಎದುರಾಗುವ ಆಯ್ಕೆಗಳೇ ಇವು. ನಾನು ಯಾವುದರ ಕಡೆ ವಾಲುತ್ತೇನೆ, ಯಾಕೆ ಅಂತ ಬರೆದಿದ್ದೇನೆ.

ಬೇರೆ ಮೋಡ್ ಬೇಕಾ, ಇದೇ ಆ್ಯಪ್ ಸಾಕಾ?

ಮಾಲೀಕರು ಮೊದಲು ಕೇಳಿದ್ದೇ ಇದು. "ಅಂಥವರಿಗೆ ಅಂತ ಒಂದು ಬೇರೆ ಬಟನ್ ಇಡಿ ಸರ್. ಒತ್ತಿದರೆ ಆ್ಯಪೇ ಮಾತಾಡಲಿ." ಒಳ್ಳೆ ಮನಸ್ಸಿನಿಂದ ಹೇಳಿದ ಮಾತು. ಆದರೆ ಆ ಬಟನ್ ಹುಡುಕೋಕೂ ಕಣ್ಣು ಬೇಕಲ್ವಾ? ಟಾಕ್‌ಬ್ಯಾಕ್ ಬಳಸುವವರ ಫೋನಿನಲ್ಲಿ ಆಗಲೇ ಒಂದು ಧ್ವನಿ ಓಡುತ್ತಿರುತ್ತದೆ. ಅವರಿಗೆ ಬೇಕಾದ ವೇಗಕ್ಕೆ, ಬೇಕಾದ ಭಾಷೆಗೆ ಅದನ್ನು ಹೊಂದಿಸಿಕೊಂಡಿರುತ್ತಾರೆ. ಅದರ ಮೇಲೆ ನಮ್ಮ ಆ್ಯಪೂ ಮಾತಾಡಲು ಶುರು ಮಾಡಿದರೆ ಸಂತೆಯಲ್ಲಿ ಇಬ್ಬರು ಒಟ್ಟಿಗೆ ಕೂಗಿದ ಹಾಗೆ. ಬೇರೆ ಮೋಡ್ ಮಾಡಿದರೆ ಇನ್ನೊಂದು ತಾಪತ್ರಯ ಇದೆ. ಮುಖ್ಯ ಆ್ಯಪಿಗೆ ಹೊಸ ಸೌಲಭ್ಯ ಬಂದಾಗಲೆಲ್ಲ ಈ ಮೋಡ್ ಹಿಂದೆ ಬೀಳುತ್ತದೆ. ಆರು ತಿಂಗಳಿಗೆ ಅದು ಯಾರಿಗೂ ಬೇಡವಾದ ಮೂಲೆ.

ಹಾಗಾಗಿ ಒಂದೇ ಆ್ಯಪ್. ಫೋನಿನಲ್ಲಿ ಇರುವ ಸ್ಕ್ರೀನ್ ರೀಡರಿಗೆ ಸರಿಯಾದ ಮಾಹಿತಿ ಕೊಡುವುದಷ್ಟೇ ನಮ್ಮ ಕೆಲಸ. ಮಾತಾಡುವುದು ಅದರ ಕೆಲಸ.

ಯಾವುದರಲ್ಲಿ ಕಟ್ಟುವುದು?

ಇದಕ್ಕೆ ಜನ ಜಾಸ್ತಿ ಜಗಳ ಆಡುತ್ತಾರೆ. ಅಷ್ಟು ಬೇಕಿಲ್ಲ. ಆ್ಯಪ್ ಕಟ್ಟುವ ಸಲಕರಣೆ ಯಾವುದೇ ಇರಲಿ, ಆಂಡ್ರಾಯ್ಡ್‌ನ ಕಂಪೋಸ್ ಇರಲಿ, ಆ್ಯಪಲ್‌ನ ಸ್ವಿಫ್ಟ್‌ಯುಐ ಇರಲಿ, ಫ್ಲಟರ್ ಇರಲಿ, ರಿಯಾಕ್ಟ್ ನೇಟಿವ್ ಇರಲಿ, ಅದರ ಜೊತೆ ಬರುವ ಮಾಮೂಲಿ ಬಟನ್, ಮಾಮೂಲಿ ಚೆಕ್‌ಬಾಕ್ಸ್ ಬಳಸಿದರೆ ಅರ್ಧ ಕೆಲಸ ಮುಗಿದಿರುತ್ತದೆ. ಒಂದು ಡಬ್ಬಿ ಬರೆದು, ಬಣ್ಣ ತುಂಬಿ, ಅದಕ್ಕೆ ಟಚ್ ಕೋಡ್ ಅಂಟಿಸಿದರೆ ಕಣ್ಣಿಗೆ ಬಟನ್, ಸ್ಕ್ರೀನ್ ರೀಡರಿಗೆ ಏನೂ ಅಲ್ಲ. ನಮ್ಮ 36 ಬರ್ತುಗಳ ಕಥೆಯೂ ಹೆಚ್ಚುಕಮ್ಮಿ ಇದೇ. ಬಟನ್ ಅಂತ ಗುರುತು ಹಾಕಿದ್ದೆವು, ಹೆಸರು ಕೊಟ್ಟಿರಲಿಲ್ಲ.

ಆದರೂ ಒಂದೆರಡು ವ್ಯತ್ಯಾಸ ತಿಳಿದಿರಲಿ. ಫ್ಲಟರ್ ಪರದೆಯ ಮೇಲೆ ಎಲ್ಲವನ್ನೂ ತಾನೇ ಬರೆಯುತ್ತದೆ, ಸ್ಕ್ರೀನ್ ರೀಡರಿಗೆ ಅಂತ ಪಕ್ಕದಲ್ಲೇ ಒಂದು ಅರ್ಥದ ಮರ ಕಟ್ಟುತ್ತದೆ, ಅಂದರೆ ಯಾವುದು ಬಟನ್, ಅದರ ಹೆಸರೇನು ಅನ್ನುವ ಪಟ್ಟಿ. ಫೋನ್ ಆ್ಯಪಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅದೇ ಫ್ಲಟರನ್ನು ವೆಬ್‌ಗೆ ಹಾಕಿದರೆ ಆ ಮರ ಸುಮ್ನೆ ಬರುವುದಿಲ್ಲ, ಬಳಸುವವರು ಅಥವಾ ಡೆವಲಪರ್ ಅದನ್ನು ಆನ್ ಮಾಡಬೇಕು. ಸಾರ್ವಜನಿಕರು ಬಳಸುವ ವೆಬ್ ಪುಟಕ್ಕೆ ಅದು ಬೇಡ ಅನ್ನುತ್ತೇನೆ. ರಿಯಾಕ್ಟ್ ನೇಟಿವ್‌ನಲ್ಲಿ ಬೇರೆ ಹಳ್ಳ ಇದೆ. ಒಂದು ಕಾರ್ಡನ್ನು, ಅಂದರೆ ಒಂದು ಬಸ್ಸಿನ ವಿವರ ಇರುವ ಡಬ್ಬಿಯನ್ನು, ಪೂರ್ತಿಯಾಗಿ ಒಂದೇ ಘಟಕ ಅಂತ ಗುರುತಿಸಿದರೆ ಐಫೋನಿನಲ್ಲಿ ಒಳಗಿರುವ ಬಟನ್‌ಗಳು ಅದರ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರಿಗೆ ಸಿಗುವುದೇ ಇಲ್ಲ. ಬಸ್ಸಿನ ಕಾರ್ಡ್ ಓದುತ್ತದೆ, ಅದರೊಳಗಿನ "ನಿಲುಗಡೆಗಳನ್ನು ನೋಡಿ" ಮಾಯ.

ವರ್ಷಕ್ಕೊಮ್ಮೆ ಬಳಸುವ ಕೆಲಸವಾದರೆ, ಉದಾಹರಣೆಗೆ ಜಾತ್ರೆಯ ವಿಶೇಷ ಬಸ್ಸಿನ ಬುಕಿಂಗ್, ಆ್ಯಪೇ ಬೇಡ. ಒಂದು ಸರಳ ವೆಬ್ ಪುಟ ಸಾಕು. ಆದರೆ ಅದರಲ್ಲಿ ಬೆರಳಿಂದ ಹಿಗ್ಗಿಸಿ ನೋಡುವುದಕ್ಕೆ ಬೀಗ ಹಾಕಬೇಡಿ. ಐಫೋನಿನ ಸಫಾರಿ 2016ರಿಂದಲೇ ಆ ಬೀಗವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಬೇರೆ ಕಡೆ ಅದು ಇನ್ನೂ ಕಾಟ ಕೊಡುತ್ತದೆ.

ಸನ್ನೆಯೋ, ಬಟನ್ನೋ?

ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಆಯ್ಕೆ. ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಆನ್ ಆದ ಕೂಡಲೇ ಬೆರಳಿನ ಅರ್ಥವೇ ಬದಲಾಗುತ್ತದೆ ಅನ್ನುವುದು ಎಷ್ಟೋ ಡಿಸೈನರ್‌ಗಳಿಗೆ ಗೊತ್ತಿರುವುದಿಲ್ಲ. ಐಫೋನ್ 3ಜಿಎಸ್ ಜೊತೆ 2009ರಲ್ಲಿ ವಾಯ್ಸ್‌ಓವರ್ ಬಂತು. ಅಲ್ಲಿಯವರೆಗೆ ನುಣುಪು ಗಾಜನ್ನು ಕಣ್ಣು ಕಾಣದವರು ಬಳಸುವುದು ಆಗದ ಮಾತು ಅಂದುಕೊಂಡವರೇ ಜಾಸ್ತಿ. ಅದು ತಂದ ಉಪಾಯ ಸರಳ. ಬೆರಳು ಇಟ್ಟರೆ ಅಲ್ಲಿ ಏನಿದೆ ಅಂತ ಹೇಳುತ್ತದೆ, ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ, ಎಲ್ಲಾದರೂ ಎರಡು ಸಲ ತಟ್ಟಿದರೆ ಒತ್ತಿದಂತೆ. ಟಾಕ್‌ಬ್ಯಾಕ್‌ನಲ್ಲೂ ಮೂಲ ಸನ್ನೆಗಳು ಇವೇ. ಅಂದರೆ ಒಂದು ಬೆರಳಿನ ಸವರುವಿಕೆ ಸ್ಕ್ರೀನ್ ರೀಡರಿನ ಸೊತ್ತು, ಆ್ಯಪಿಗೆ ಅದು ತಲುಪುವುದೇ ಇಲ್ಲ.

ಈಗ ನಮ್ಮ ಪಾವತಿ ಪರದೆ ನೋಡಿ. ಕೆಳಗೆ ಒಂದು ಹಸಿರು ಪಟ್ಟಿ, ಅದರ ಎಡಕ್ಕೆ ಒಂದು ಗುಂಡು. "ಎಳೆದು ಪಾವತಿಸಿ". ತಪ್ಪಿ ಒತ್ತಿ ದುಡ್ಡು ಹೋಗದಿರಲಿ ಅಂತ ಇಟ್ಟಿದ್ದೆವು. ಗೆಳೆಯ ಎಳೆದ, ಗುಂಡು ಅಲ್ಲಾಡಲಿಲ್ಲ. ಟಾಕ್‌ಬ್ಯಾಕ್ ಓದುತ್ತಿದ್ದ ಜಾಗ, ಅಂದರೆ ಫೋಕಸ್, ಪಕ್ಕದ ಷರತ್ತುಗಳ ಲಿಂಕಿಗೆ ಹಾರಿತು. ಕೈ ನಡುಗುವವರಿಗೂ ಇದು ಕಷ್ಟವೇ. ಗುಂಡನ್ನು ಹಿಡಿದು, ಬಿಡದೆ, ನೇರವಾಗಿ ಕೊನೆವರೆಗೆ ಒಯ್ಯಬೇಕು. ಅರ್ಧಕ್ಕೆ ಬೆರಳು ಎದ್ದರೆ ಮೊದಲಿಂದ.

ವೆಬ್ ಮಾನದಂಡಗಳನ್ನು ಬರೆಯುವ ಡಬ್ಲ್ಯೂ3ಸಿ 2023ರ ಅಕ್ಟೋಬರ್‌ನಲ್ಲಿ ಹೊರತಂದ ಡಬ್ಲ್ಯೂಸಿಎಜಿ 2.2ರಲ್ಲಿ (ಅಂಗವಿಕಲರಿಗೂ ಒಗ್ಗುವಂತೆ ಮಾಡುವ ನಿಯಮಗಳ ಕಟ್ಟು) ಇದಕ್ಕೇ ಒಂದು ನಿಯಮ ಸೇರಿತು: ಎಳೆಯುವುದು ಅನಿವಾರ್ಯವಾದ ಕಡೆ ಬಿಟ್ಟರೆ, ಎಳೆದು ಮಾಡುವ ಯಾವ ಕೆಲಸಕ್ಕೂ ಎಳೆಯದೆ, ತಟ್ಟಿ ಮಾಡುವ ದಾರಿಯೊಂದು ಇರಬೇಕು. ನಾವು ಗುಂಡು ತೆಗೆದು "850 ರೂಪಾಯಿ ಪಾವತಿಸಿ" ಅಂತ ಒಂದು ಬಟನ್ ಇಟ್ಟೆವು. ಒತ್ತಿದರೆ ಬಸ್ಸು, ಬರ್ತು, ಮೊತ್ತ ತೋರಿಸಿ ಇನ್ನೊಮ್ಮೆ ಕೇಳುತ್ತದೆ. ತಪ್ಪಿ ಒತ್ತುವ ಭಯಕ್ಕೂ ಅದೇ ಔಷಧಿ.

ಹಾಗಂತ ಸನ್ನೆಗಳನ್ನು ಪೂರ್ತಿ ಕಿತ್ತು ಹಾಕಬೇಕಿಲ್ಲ. ಹಳೆ ಟಿಕೆಟನ್ನು ಪಕ್ಕಕ್ಕೆ ಸವರಿ ಅಳಿಸುವುದು ಎಷ್ಟೋ ಜನಕ್ಕೆ ಅಭ್ಯಾಸವಾಗಿದೆ. ಅದು ಇರಲಿ, ಆದರೆ ಟಿಕೆಟ್ ತೆರೆದಾಗ "ಅಳಿಸಿ" ಅಂತ ಬಟನ್ನೂ ಇರಲಿ. ಇನ್ನೂ ಚೆನ್ನಾಗಿ ಮಾಡಬೇಕೆಂದರೆ ಆ ಕೆಲಸವನ್ನು ಕಸ್ಟಮ್ ಆ್ಯಕ್ಷನ್ ಆಗಿ, ಅಂದರೆ ಸ್ಕ್ರೀನ್ ರೀಡರಿನಿಂದಲೇ ಆರಿಸಬಹುದಾದ ಕೆಲಸವಾಗಿ ಸೇರಿಸಿ. ಟಾಕ್‌ಬ್ಯಾಕ್ ಮೆನುವಿನಲ್ಲೂ ವಾಯ್ಸ್‌ಓವರಿನ ರೋಟರ್‌ನಲ್ಲೂ (ಎರಡು ಬೆರಳು ತಿರುಗಿಸಿ ಆರಿಸುವ ಮೆನು) ಅದು ಕಾಣಿಸಿಕೊಳ್ಳುತ್ತದೆ. ಫೋನ್ ಅಲ್ಲಾಡಿಸಿದರೆ ಹಿಂದಿನ ಸ್ಥಿತಿಗೆ ಮರಳುವುದು, ಒತ್ತಿ ಹಿಡಿದರೆ ಮಾತ್ರ ತೆರೆಯುವ ಮೆನು, ಇವೂ ಇದೇ ಲೆಕ್ಕಕ್ಕೆ ಬರುತ್ತವೆ. ಸನ್ನೆ ಹತ್ತಿರದ ದಾರಿ ಆಗಿರಲಿ, ಅದೊಂದೇ ದಾರಿ ಆಗದಿರಲಿ.

24, 44, 48: ಎಷ್ಟು ದೊಡ್ಡದು ಸಾಕು?

ಮೂರು ಅಳತೆ ಕೇಳಿರುತ್ತೀರಿ. ಡಬ್ಲ್ಯೂಸಿಎಜಿ 2.2ರ ಎಎ ಮಟ್ಟ, ಅಂದರೆ ಮೂರರಲ್ಲಿ ನಡುವಿನದು, ಕೇಳುವುದು ಕನಿಷ್ಠ 24 ಪಿಕ್ಸೆಲ್. ಆ್ಯಪಲ್ ಹೇಳುವುದು 44 ಪಾಯಿಂಟ್. ಗೂಗಲ್ ಹೇಳುವುದು 48 ಡಿಪಿ, ಯಾವ ಪರದೆಯಲ್ಲೂ ಹೆಚ್ಚುಕಮ್ಮಿ ಒಂದೇ ಗಾತ್ರ ಬರುವ ಆಂಡ್ರಾಯ್ಡ್‌ನ ಅಳತೆ ಅದು. 48 ಡಿಪಿ ಅಂದರೆ ಕೈಯಲ್ಲಿ ಹಿಡಿದ ಫೋನಿನಲ್ಲಿ ಹೆಚ್ಚುಕಮ್ಮಿ 7ರಿಂದ 9 ಮಿಲಿಮೀಟರ್. 24 ಅಂದರೆ ಅದರ ಅರ್ಧ, ಹೆಸರುಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ. ನಿಯಮ ಪಾಸಾಗಲು 24 ಸಾಕು. ಓಡುವ ಬಸ್ಸಿನಲ್ಲಿ ಕೂತು ಒತ್ತುವವರಿಗೆ ಸಾಲದು. ನಾನು 48ನ್ನೇ ಹಿಡಿಯುತ್ತೇನೆ. ಐಕಾನ್ ಚಿಕ್ಕದಿದ್ದರೂ ಪರವಾಗಿಲ್ಲ, ಅದರ ಸುತ್ತ ಒತ್ತಬಹುದಾದ ಜಾಗ 48 ಇದ್ದರೆ ಆಯಿತು.

ಲೆಕ್ಕ ಹಾಕಿ ನೋಡಿದಾಗ ನಮ್ಮ ಸೀಟಿನ ಚಿತ್ರ ಎಡವಿದ್ದು ಗೊತ್ತಾಯಿತು. ಮಾಮೂಲಿ ಆಂಡ್ರಾಯ್ಡ್ ಫೋನಿನ ಅಗಲ 360 ಡಿಪಿ. ಎರಡೂ ಬದಿ 16 ಬಿಟ್ಟರೆ ಉಳಿಯುವುದು 328. ಕೆಳಗಿನ ಬರ್ತು, ಮೇಲಿನ ಬರ್ತು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೆವು. ಒಂದೊಂದಕ್ಕೂ ಎರಡು ಬರ್ತು, ಓಡಾಡುವ ಜಾಗ, ಇನ್ನೊಂದು ಬರ್ತು, ಅಂದರೆ ನಾಲ್ಕು ಸಾಲು. ಒಟ್ಟು ಎಂಟು. ಒಂದು ಬರ್ತಿಗೆ ಸಿಕ್ಕಿದ್ದು 41 ಡಿಪಿ, ನಡುವೆ ಸಂದಿಯೂ ಇಲ್ಲ. "ಕೆಳಗೆ", "ಮೇಲೆ" ಅಂತ ಎರಡು ಟ್ಯಾಬ್ ಮಾಡಿದ ಮೇಲೆ ಒಂದಕ್ಕೆ 82 ಸಿಕ್ಕಿತು. ಎರಡನ್ನೂ ಒಟ್ಟಿಗೆ ನೋಡುವ ಸುಖ ಹೋಯಿತು, ನಿಜ. ಅದಕ್ಕೆ ಟ್ಯಾಬಿನ ಮೇಲೆಯೇ ಎಷ್ಟು ಖಾಲಿ ಅಂತ ಬರೆದೆವು: "ಕೆಳಗೆ, 4 ಖಾಲಿ".

ಚಿತ್ರ, ಪಟ್ಟಿ, ಅಥವಾ ಎರಡು ಪ್ರಶ್ನೆ

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಸೀಟಿನ ಚಿತ್ರದ ಗುಣ ಏನು? ಯಾರ ಪಕ್ಕ ಯಾರು ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ. ಮಕ್ಕಳ ಜೊತೆ ಹೋಗುವವರಿಗೆ, ಕಿವಿ ಕೇಳದವರಿಗೆ, ಓದಲು ತಡವರಿಸುವವರಿಗೆ ಚಿತ್ರವೇ ಸುಲಭ. ಪಟ್ಟಿಯ ಗುಣ, ಒಂದರ ಕೆಳಗೊಂದು ಬರುತ್ತದೆ, ಅಕ್ಷರ ದೊಡ್ಡದು ಮಾಡಿದರೂ ಮುರಿಯುವುದಿಲ್ಲ, ಮಾರಿಹೋದದ್ದನ್ನು ಬಿಟ್ಟೇ ತೋರಿಸಬಹುದು.

ನಾವು ಚಿತ್ರಕ್ಕೆ ಮೊದಲು ಹೆಸರು ಕೊಟ್ಟೆವು. ಒಬ್ಬರು ಉದ್ದಕ್ಕೆ ಬರೆದರು: "ಇದು ಕೆಳಗಿನ ಸಾಲಿನ ಐದನೇ ಸಂಖ್ಯೆಯ ಆಸನ, ಇದನ್ನು ಆಯ್ಕೆ ಮಾಡಲು ಒತ್ತಿರಿ". ಗೆಳೆಯ ಮೂರನೇದಕ್ಕೇ ಕೈಮುಗಿದ. ಕಿವಿಯಲ್ಲಿ ಕೇಳುವವರಿಗೆ ಮುಖ್ಯವಾದದ್ದು ಮೊದಲು ಬರಬೇಕು, ಚಿಕ್ಕದಾಗಿರಬೇಕು. ಈಗ ಅದು "5, ಕಿಟಕಿ, ಖಾಲಿ, 850 ರೂಪಾಯಿ" ಅನ್ನುತ್ತದೆ. ಬಟನ್ ಅನ್ನುವುದನ್ನು ಸ್ಕ್ರೀನ್ ರೀಡರೇ ಸೇರಿಸಿಕೊಳ್ಳುತ್ತದೆ, ನಾವು ಬರೆದರೆ ಎರಡು ಸಲ ಕೇಳುತ್ತದೆ.

ಹೆಂಗಸರಿಗೆ ಮೀಸಲಾದ ಬರ್ತನ್ನು ಬರೀ ತೆಳು ಗುಲಾಬಿ ಬಣ್ಣದಿಂದ ತೋರಿಸಿದ್ದೆವು. ಬಿಳಿಯ ಮೇಲೆ ಆ ಗುಲಾಬಿಯ ಕಾಂಟ್ರಾಸ್ಟ್, ಅಂದರೆ ಎರಡು ಬಣ್ಣಗಳ ಹೊಳಪಿನ ವ್ಯತ್ಯಾಸ, ಅಳೆದರೆ 1.6ಕ್ಕೆ 1. ಇಂಥ ಗುರುತಿಗೆ ಕನಿಷ್ಠ 3, ಮಾಮೂಲಿ ಅಕ್ಷರಕ್ಕೆ 4.5 ಇರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದರೆ ಒಳ್ಳೆ ಕಣ್ಣಿದ್ದ ನನಗೇ ಅದು ಬಿಳಿ. ಗಾಢ ಅಂಚು ಹಾಕಿ ಒಳಗೆ "ಮ" ಅಂತ ಬರೆದೆವು, ಲೇಬಲ್ಲಿಗೆ "ಮಹಿಳೆಯರಿಗೆ" ಸೇರಿಸಿದೆವು.

ಪಟ್ಟಿಯೂ ಮಾಡಿದೆವು. ಚಿತ್ರದ ಮೇಲೆ "ಪಟ್ಟಿಯಾಗಿ ನೋಡಿ" ಅನ್ನುವ ಬಟನ್, ಯಾರಿಗೆ ಬೇಕಾದರೂ. ಒಮ್ಮೆ ಆರಿಸಿದರೆ ಮುಂದಿನ ಸಲವೂ ಅದೇ ತೆರೆಯುತ್ತದೆ. ಇದು ಬೇರೆ ಮೋಡ್ ಅಲ್ವಾ ಅಂತ ಕೇಳಬಹುದು. ಅಲ್ಲ, ಅದೇ ಮಾಹಿತಿ, ಅದೇ ಆ್ಯಪ್, ಎರಡು ನೋಟ ಅಷ್ಟೇ.

ಇವೆರಡಕ್ಕಿಂತ ನನಗೆ ಹಿಡಿಸಿದ್ದು ಮೂರನೇದು. ಎರಡೇ ಪ್ರಶ್ನೆ: ಕೆಳಗಾ ಮೇಲಾ? ಕಿಟಕಿ ಬೇಕಾ? ಉತ್ತರ ಕೊಟ್ಟರೆ ಆ್ಯಪೇ ಒಂದು ಬರ್ತು ಹಿಡಿದು ತೋರಿಸುತ್ತದೆ. ಕೌಂಟರಿನಲ್ಲಿ ಕೂತ ಹುಡುಗ ಫೋನಿನಲ್ಲಿ ಕೇಳುತ್ತಿದ್ದದ್ದೂ ಇದನ್ನೇ. ಒಬ್ಬರೇ ಹೋಗುವುದಾದರೆ ಇದನ್ನೇ ಮೊದಲು ಇಡಿ, ಇಬ್ಬರಿಗಿಂತ ಜಾಸ್ತಿ ಇದ್ದರೆ ಚಿತ್ರ.

ಕನ್ನಡ ಅಕ್ಷರದ ಪಾಡು

ಇಂಗ್ಲಿಷಿನಲ್ಲಿ ವಿನ್ಯಾಸ ಮಾಡಿ ಕೊನೆಗೆ ಕನ್ನಡ ತುಂಬುವುದೋ, ಮೊದಲೇ ಕನ್ನಡದಲ್ಲಿ ಶುರು ಮಾಡುವುದೋ? ಮೊದಲನೇದು ನಮ್ಮಲ್ಲಿ ರೂಢಿ, ಎರಡನೇದು ಸರಿ.

ಅಮ್ಮನ ಫೋನಿನಲ್ಲಿ ಅಕ್ಷರದ ಗಾತ್ರ ಕೊನೆಯ ಹಂತಕ್ಕಿದೆ. ಆಂಡ್ರಾಯ್ಡ್ 14ರಿಂದ ಅದನ್ನು 200 ಪ್ರತಿಶತದವರೆಗೆ ಏರಿಸಬಹುದು. ನಮ್ಮ ಬಟನಿಗೆ ಎತ್ತರ ಫಿಕ್ಸ್ ಮಾಡಿದ್ದೆವು. "ರದ್ದು ಮಾಡಿ" ಅನ್ನುವುದರ ಒತ್ತು ಕೆಳಗೆ ಕತ್ತರಿಸಿ ಹೋಗಿ "ರದು ಮಾಡಿ" ಆಗಿತ್ತು. "ಇದೇನೋ ರದು?" ಅಂತ ಅಮ್ಮ ಕೇಳಿದರು. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಇಣುಕುವ ಬಾಲ ಚಿಕ್ಕದು. ನಮ್ಮ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, "ಸ್ತ್ರೀ" ಅಂಥದ್ದಕ್ಕೆ ಎರಡೆರಡು ಒತ್ತು. ಹಾಗಾಗಿ ಅಕ್ಷರದ ಗಾತ್ರವನ್ನು ಡಿಪಿಯಲ್ಲಿ ಕೊಡಬೇಡಿ, ಬಳಸುವವರ ಅಕ್ಷರದ ಸೆಟ್ಟಿಂಗ್ ಜೊತೆ ಬೆಳೆಯುವ ಅಳತೆಯಾದ ಎಸ್‌ಪಿಯಲ್ಲಿ ಕೊಡಿ. ಡಿಪಿಯಲ್ಲಿ ಕೊಟ್ಟರೆ ಬಳಸುವವರು ಸೆಟ್ಟಿಂಗ್ ಎಷ್ಟು ಏರಿಸಿದರೂ ಅಕ್ಷರ ಜಗ್ಗುವುದಿಲ್ಲ. ಬಟನಿಗೆ ಕನಿಷ್ಠ ಎತ್ತರ ಮಾತ್ರ ಹೇಳಿ, ಗರಿಷ್ಠ ಬೇಡ. ಸಾಲಿನ ಅಂತರ ಒಂದೂವರೆ ಪಟ್ಟು ಇಟ್ಟುಕೊಂಡರೆ ನಿಶ್ಚಿಂತೆ. ಸಣ್ಣ ಎಳೆಯ ಫ್ಯಾಷನ್ ಫಾಂಟುಗಳನ್ನು ಪೋಸ್ಟರಿಗೆ ಇಟ್ಟುಕೊಳ್ಳಿ.

ಐಕಾನ್ ಒಂದೇ ಸಾಕಾ, ಜೊತೆಗೆ ಪದ ಬೇಕಾ ಅನ್ನುವುದಕ್ಕೆ ಚರ್ಚೆಯೇ ಬೇಡ, ಪದ ಬೇಕು. ಮೂರು ಗೆರೆಯ ಮೆನು ಅಂದರೆ ಮೆನು ಅಂತ ಅಮ್ಮನಿಗೆ ಯಾರೂ ಹೇಳಿಕೊಟ್ಟಿಲ್ಲ.

ಧ್ವನಿಗೂ ಭಾಷೆ ಬೇಕು. ಪರದೆಯಲ್ಲಿ ಕನ್ನಡ ಇದ್ದು, ಅದು ಕನ್ನಡ ಅಂತ ಕೋಡಿನಲ್ಲಿ ಹೇಳದಿದ್ದರೆ ಇಂಗ್ಲಿಷ್ ಧ್ವನಿ ಓದಲು ಹೋಗಿ ತಡವರಿಸುತ್ತದೆ, ಕೆಲವು ಎಂಜಿನ್‌ಗಳು ಸುಮ್ಮನೆ ದಾಟಿಬಿಡುತ್ತವೆ. ವೆಬ್ ಪುಟದಲ್ಲಿ ಭಾಷೆಯ ಗುರುತು ಹಾಕುವುದು ಒಂದೇ ಸಾಲಿನ ಕೆಲಸ. ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪಿಗೆ ಬೇರೆ ಬೇರೆ ಭಾಷೆ ಆರಿಸಬಹುದು, ಅದಕ್ಕೆ ನಿಮ್ಮ ಆ್ಯಪನ್ನು ಸಿದ್ಧ ಮಾಡಿಡಿ. ವೇಳಾಪಟ್ಟಿಯನ್ನು ಮಾಲೀಕರು ಹಳೆ ನುಡಿ ಫಾಂಟಿನ ಪಿಡಿಎಫ್ ಆಗಿ ಕಳಿಸಿದ್ದರು, ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತಗಳೇ ಇರುವ, ಯೂನಿಕೋಡ್ ಅಲ್ಲದ ಫಾಂಟು ಅದು. ಹಾಗೇ ಆ್ಯಪಿಗೆ ಹಾಕಿದರೆ ಕಣ್ಣಿಗೆ ಕನ್ನಡ, ಕಿವಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಬದಲಾಯಿಸಿ ಪಠ್ಯವಾಗಿಯೇ ಹಾಕಿದೆವು.

ಲಾಗಿನ್, ಓಟಿಪಿ, ಗಡಿಯಾರ

ಓಟಿಪಿಗೆ ಆರು ಪುಟ್ಟ ಡಬ್ಬಿಗಳು ನೋಡೋಕೆ ಮುದ್ದು. ಸ್ಕ್ರೀನ್ ರೀಡರಿಗೆ ಆರು ಬೇರೆ ಬೇರೆ ಖಾನೆ, ಪೇಸ್ಟ್ ಮಾಡಿದರೆ ಎಷ್ಟೋ ಸಲ ಮೊದಲನೇದರಲ್ಲೇ ನಿಲ್ಲುತ್ತದೆ. ಒಂದೇ ಉದ್ದ ಖಾನೆ ಇಡಿ, ಎಸ್ಸೆಮ್ಮೆಸ್ಸಿಂದ ತಾನೇ ತುಂಬಿಕೊಳ್ಳಲು ಬಿಡಿ. ಸೊಟ್ಟ ಅಕ್ಷರದ ಕ್ಯಾಪ್ಚಾ ಬೇಡವೇ ಬೇಡ. ಓಟಿಪಿ ಇರುವಾಗ ಅದು ಯಾಕೆ?

ಮುಖ ತೋರಿಸಿ ಕಣ್ಣು ಮಿಟುಕಿಸಿ ಅನ್ನುವ ಪರೀಕ್ಷೆ ಟಿಕೆಟಿಗೆ ಬೇಕಾಗುವುದಿಲ್ಲ, ಆದರೆ ದುಡ್ಡಿನ ಆ್ಯಪ್ ಮಾಡುವವರು ಕೇಳಿಸಿಕೊಳ್ಳಿ. ಆ್ಯಸಿಡ್ ದಾಳಿಗೆ ಒಳಗಾದವರು, ದೃಷ್ಟಿ ಇಲ್ಲದವರು ಡಿಜಿಟಲ್ ಕೆವೈಸಿ ತಮ್ಮಿಂದ ಆಗುತ್ತಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2025ರ ಏಪ್ರಿಲ್ 30ರಂದು ಕೋರ್ಟು 20 ನಿರ್ದೇಶನ ಕೊಟ್ಟಿತು, ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂದಿತು. ಮಿಟುಕಿಸುವುದು ಇರುವಲ್ಲಿ ಇನ್ನೊಂದು ದಾರಿ ಇರಲೇಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಿಂದಲೇ ಇದೆ. ಸಾಫ್ಟ್‌ವೇರಿಗೆ ಭಾರತದ್ದೇ ಮಾನದಂಡವೂ ಇದೆ, ಐಎಸ್ 17802. "ಆಮೇಲೆ ನೋಡೋಣ" ಅನ್ನುವ ಗಿರಾಕಿಗೆ ತೋರಿಸಲು ಈ ಎರಡು ಹೆಸರು ಜೇಬಲ್ಲಿರಲಿ.

ಬರ್ತು ಹಿಡಿದಿಡುವ ಗಡಿಯಾರದ್ದು ನಾವೇ ಮಾಡಿದ ಎಡವಟ್ಟು. ಐದು ನಿಮಿಷದಿಂದ ಇಳಿಯುವ ಎಣಿಕೆ. ಬದಲಾವಣೆಯನ್ನು ಹೇಳು ಅಂತ ಟಾಕ್‌ಬ್ಯಾಕಿಗೆ ಸೂಚನೆ ಕೊಟ್ಟಿದ್ದೆವು, ಪಾಪ ಅದು ಪ್ರತಿ ಸೆಕೆಂಡಿಗೂ ಹೇಳಿತು. ಹೆಸರು ಟೈಪ್ ಮಾಡಲು ಬಿಡದೆ ನಾಲ್ಕು ಐವತ್ತೆಂಟು, ನಾಲ್ಕು ಐವತ್ತೇಳು ಅಂತ ಕೂಗುತ್ತಾ ಇತ್ತು. ಈಗ ಒಂದು ನಿಮಿಷ ಉಳಿದಾಗ ಒಮ್ಮೆ ಮಾತ್ರ ಹೇಳುತ್ತದೆ, ಜೊತೆಗೆ "ಇನ್ನೂ ಸಮಯ ಬೇಕು" ಅಂತ ಒಂದು ಬಟನ್.

ಟೂಲೋ, ಮನುಷ್ಯರೋ?

ಗೂಗಲ್‌ನ ಅಕ್ಸೆಸಿಬಿಲಿಟಿ ಸ್ಕ್ಯಾನರ್ ಪುಕ್ಕಟೆ ಸಿಗುತ್ತದೆ. ಲೇಬಲ್ ಇಲ್ಲದ್ದು, ಚಿಕ್ಕ ಬಟನ್, ಮಾಸಲು ಬಣ್ಣ, ಇಷ್ಟನ್ನು ಐದು ನಿಮಿಷದಲ್ಲಿ ಹಿಡಿದು ಕೊಡುತ್ತದೆ. ಲೇಬಲ್ ಇದೆ, ಆದರೆ ತಪ್ಪಾಗಿದೆ ಅನ್ನುವುದನ್ನು ಹಿಡಿಯುವುದಿಲ್ಲ. "ಚಿತ್ರ 47" ಅಂತ ಬರೆದರೂ ಅದು ಪಾಸ್. ಮೊದಲು ಸ್ಕ್ಯಾನರ್ ಓಡಿಸಿ, ಆಮೇಲೆ ನೀವೇ ಪರದೆ ಕಪ್ಪು ಮಾಡಿಕೊಂಡು ಕೂತು ಒಂದು ಟಿಕೆಟ್ ತೆಗೆಯಿರಿ. ಐಫೋನಿನಲ್ಲಿ ವಾಯ್ಸ್‌ಓವರ್ ಆನ್ ಮಾಡಿ ಮೂರು ಬೆರಳಲ್ಲಿ ಮೂರು ಸಲ ತಟ್ಟಿದರೆ ಪರದೆ ಕಪ್ಪಾಗುತ್ತದೆ, ಫೋನ್ ಮಾತ್ರ ನಡೆಯುತ್ತಿರುತ್ತದೆ. ಅದೂ ಆದ ಮೇಲೆ ದಿನಾ ಬಳಸುವವರೊಬ್ಬರಿಗೆ ಕೊಡಿ, ಅವರ ಸಮಯಕ್ಕೆ ದುಡ್ಡೂ ಕೊಡಿ.

ನಮ್ಮ ಗೆಳೆಯ ಮೊನ್ನೆ ಶುಕ್ರವಾರ ಕಿಟಕಿಯ ಬರ್ತು ತಾನೇ ಹಿಡಿದ. ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಟಿಕೆಟ್ ಎಲ್ಲ ಸರಿ ಇದೆಯಂತೆ, ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮಾತ್ರ ನಾವು ಬರೀ ಮ್ಯಾಪಿನಲ್ಲಿ ಒಂದು ಕೆಂಪು ಚುಕ್ಕಿಯಾಗಿ ತೋರಿಸಿದ್ದೇವಂತೆ.